ವ್ಯಸನಕ್ಕೆ ಸಿಲುಕಿದ ವಿದ್ಯಾರ್ಥಿಯೂ ಕರಸ್ಥಲದ ಬೋಧೆಯೂ



ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ವಚನಗಳಲ್ಲಿಯೂ ‘ಸ್ಥಲ’ವೆಂಬ ಪದವು ಮೇಲಿಂದ ಮೇಲೆ ಬರುವುದು. ಷಟ್‌ಸ್ಥಲ, ಅಂಗಸ್ಥಲ, ಲಿಂಗಸ್ಥಲ, ಕರಸ್ಥಲ ಎಂದು ಮುಂತಾಗಿ ಹೇಳುವಾಗ ಸ್ಥಲವೆಂದರೆ ನೆಲೆ, ವಸ್ತುವೊಂದು ನಿಂತಿರುವ ತಾಣವೆಂದು ಅರ್ಥ. ಇಂದು ಅನೇಕ ಗೃಹಸ್ಥರ ಮನೆಗಳಲ್ಲಿ ಹೊರಗೆ ಹೇಳಿಕೊಳ್ಳಲಾಗದ ಒಂದು ಸಂಕಟವು ಹೊಕ್ಕಿರುವುದು. ಆ ಸಂಕಟದ ಮೂಲದಲ್ಲಿರುವುದೂ ಈ ನೆಲೆಯ ಪ್ರಶ್ನೆಯೇ ಆದುದರಿಂದ ಈ ತಿಂಗಳ ವಿಚಾರವನ್ನು ಈ ಪದದಿಂದಲೇ ಆರಂಭಿಸುವುದು ಯುಕ್ತವಾಗಿದೆ.

ಆ ಸಂಕಟವಾವುದೆಂದರೆ, ವಿದ್ಯಾರ್ಜನೆಗೆಂದು ಧಾರವಾಡ, ಬೆಂಗಳೂರು, ಮೈಸೂರು, ಕಲಬುರಗಿ ಮೊದಲಾದ ಊರುಗಳ ವಿಶ್ವವಿದ್ಯಾಲಯಗಳಿಗೆ ಹೋದ ಮಕ್ಕಳಲ್ಲಿ ಕೆಲವರು ಮಾದಕವಸ್ತುಗಳಿಗೆ ಅಡಿಯಾಳಾಗಿರುವುದು. ಮದ್ಯ, ಗಾಂಜಾಗಳು ಹಳೆಯವು. ಅವುಗಳೊಡನೆ ಈಗ ನೋವು ಕಳೆಯಲೆಂದು ವೈದ್ಯರು ಕೊಡುವ ಅಫೀಮು ಜಾತಿಯ ಗುಳಿಗೆಗಳು, ನಿದ್ರೆಯ ಗುಳಿಗೆಗಳು, ಎಂ.ಡಿ.ಎಂ.ಎ. ಎಂಬಂತಹ ರಾಸಾಯನಿಕಗಳು ಸೇರಿಕೊಂಡಿರುವುವು. ಕೇಂದ್ರ ಸರಕಾರವು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮುಖಾಂತರ ನಡೆಯಿಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಮೇರೆಗೆ, ಈ ದೇಶದಲ್ಲಿ ಮದ್ಯಪಾನ ಮಾಡುವವರು ಸುಮಾರು ೧೬ ಕೋಟಿ. ಗಾಂಜಾ ಭಂಗಿಗಳನ್ನು ಸೇವಿಸುವವರು ಸುಮಾರು ೩ ಕೋಟಿ. ಅಫೀಮು ಜಾತಿಯ ವಸ್ತುಗಳನ್ನು ಸೇವಿಸುವವರು ೨ ಕೋಟಿಗೂ ಮಿಕ್ಕಿರುವರು. ಮದ್ಯಕ್ಕೆ ಅಧೀನರಾದವರಲ್ಲಿ ೩೮ ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆಯನ್ನು ಪಡೆದವರೆಂದೂ ಅದೇ ಸಮೀಕ್ಷೆಯು ತಿಳಿಸುವುದು. ಉಳಿದ ೩೭ ಮಂದಿಯ ಮನೆಗಳಲ್ಲಿ ಏನು ನಡೆಯುತ್ತಿರುವುದೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಇಂತಹ ಮಗನನ್ನೋ ಮಗಳನ್ನೋ ಕಂಡ ತಾಯಿತಂದೆಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ಈ ಮಗುವಿನ ಬಾಳು ಈಗ ಯಾರ ಕೈಯಲ್ಲಿರುವುದು ಎಂಬುದೊಂದು. ಇದನ್ನು ದಂಡಿಸಬೇಕೋ ಕನಿಕರಿಸಬೇಕೋ ಎಂಬುದಿನ್ನೊಂದು. ಇವೇ ಎರಡು ಪ್ರಶ್ನೆಗಳನ್ನು ಆ ವಿದ್ಯಾರ್ಥಿಯೂ ಇರುಳೆಲ್ಲ ತನ್ನನ್ನು ತಾನು ಕೇಳಿಕೊಳ್ಳುತ್ತಿರುವನು. ಮೊದಲನೆಯದು ಹೊಣೆಯ ಪ್ರಶ್ನೆ; ಎರಡನೆಯದು ದಯೆಯ ಪ್ರಶ್ನೆ. ಇವುಗಳನ್ನು ಬೇರೆ ಬೇರೆಯಾಗಿ ಬಿಡಿಸಲು ಹೊರಟರೆ ಎರಡೂ ಕೆಡುವುವು. ಕೂಡಿಸಿ ನೋಡಿದರೆ ಮಾತ್ರ ದಾರಿ ತೋರುವುದು. ಶರಣರ ಬೋಧೆಯಲ್ಲಿ ಇವೆರಡೂ ಒಂದೇ ಕಡೆ ಸೇರಿರುವುವೆಂಬುದನ್ನು ತೋರಿಸುವುದೇ ಇಲ್ಲಿಯ ಉದ್ದೇಶ.

ಹೊಣೆಯ ನೆಲೆಯನ್ನು ಕುರಿತು ಆಧುನಿಕ ಮನಶ್ಶಾಸ್ತ್ರಜ್ಞರು ವಿಸ್ತಾರವಾಗಿ ವಿಚಾರಿಸಿರುವರು. ಅಮೇರಿಕೆಯ ಜೂಲಿಯನ್ ರಾಟರ್ ಎಂಬ ವಿದ್ವಾಂಸರು ೧೯೬೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಅಳೆಯುವುದಕ್ಕಾಗಿ ೨೯ ಜೋಡಿವಾಕ್ಯಗಳ ಒಂದು ಪ್ರಶ್ನಾವಳಿಯನ್ನು ಮುಂದಿಟ್ಟರು. ತನಗೆ ಒದಗುವ ಫಲಾಫಲಗಳು ಬಹುಮಟ್ಟಿಗೆ ತನ್ನ ನಡೆಯಿಂದಲೇ ಬರುವುವೆಂದು ನಂಬಿದವನ ನಿಯಂತ್ರಣದ ನೆಲೆಯು ಒಳಗಿರುವುದು. ಅವು ಅದೃಷ್ಟದಿಂದಲೋ ವಿಧಿಯಿಂದಲೋ ಬಲಿಷ್ಠರಾದ ಅನ್ಯರಿಂದಲೋ ಬರುವುವೆಂದು ನಂಬಿದವನ ನೆಲೆಯು ಹೊರಗಿರುವುದು. ಯಾರೂ ಪೂರ್ತಿಯಾಗಿ ಒಳಗಿನವರಲ್ಲ, ಪೂರ್ತಿಯಾಗಿ ಹೊರಗಿನವರೂ ಅಲ್ಲ. ಇದು ಹೆಚ್ಚುಕಡಿಮೆಯ ಮಾತು. ಆದರೆ ನೆಲೆಯನ್ನು ಪೂರ್ತಿಯಾಗಿ ಹೊರಗಿಟ್ಟವನು ಚಟವನ್ನು ಬಿಡಲು ಮೊದಲ ಹೆಜ್ಜೆಯನ್ನು ಇಡುವುದೇ ಕಷ್ಟ. ಏಕೆಂದರೆ ಹೆಜ್ಜೆಯಿಡುವ ಕಾಲು ತನ್ನದೆಂಬ ನಂಬಿಕೆಯೇ ಅವನಲ್ಲಿ ಉಳಿದಿರುವುದಿಲ್ಲ.

ಈ ವಿಚಾರವು ಶರಣರ ಮಕ್ಕಳಿಗೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ವಾರ ತಿಥಿ ನಕ್ಷತ್ರಗಳ ಭಯಕ್ಕೆ ತಲೆಬಾಗಲಿಲ್ಲ. ಹಣೆಯ ಬರೆಹವೆಂದು ಕೈಕಟ್ಟಿ ಕುಳಿತವನಿಗೆ ಕಾಯಕವನ್ನು ಬೋಧಿಸಿದರು. ದೇವರನ್ನು ದೂರದ ಗುಡಿಯಲ್ಲಿ ಪೂಜಾರಿಯ ವಶಕ್ಕೆ ಬಿಡದೆ ಇಷ್ಟಲಿಂಗದ ರೂಪದಲ್ಲಿ ಭಕ್ತನ ಅಂಗೈಯಲ್ಲಿಯೇ ಇರಿಸಿದರು. ಆ ಪೂಜೆಯನ್ನು ತನ್ನ ಪರವಾಗಿ ಇನ್ನೊಬ್ಬರಿಂದ ಮಾಡಿಸುವಂತಿಲ್ಲ. ಹಸಿದವನ ಊಟವನ್ನು ಮತ್ತೊಬ್ಬನು ಉಣ್ಣಲಾಗದೋ ಹಾಗೆ. ಕರಸ್ಥಲದ ಮೊದಲನೆಯ ತಾತ್ಪರ್ಯವು ಇದೇ ಆಗಿರುವುದು: ನಿನ್ನ ಬಾಳಿನ ಹೊಣೆಯು ನಿನ್ನ ಕೈಯಲ್ಲಿರುವುದು.

ಆದರೆ ಇದು ಅರ್ಧ ತಾತ್ಪರ್ಯ. ಉಳಿದರ್ಧವಾವುದೆಂದರೆ, ಆ ಕೈಯು ಶಿವನು ಬಂದು ಕುಳಿತುಕೊಳ್ಳಲು ಒಪ್ಪಿದ ಕೈ. ಹೊಣೆಯನ್ನು ಹೊತ್ತ ಕೈಯೇ ಲಿಂಗಕ್ಕೆ ಪೀಠವೂ ಆಗಿರುವುದು. ನಿನ್ನೆ ಆ ಕೈಯಿಂದ ಏನು ನಡೆಯಿತೆಂದು ಲೆಕ್ಕ ಹಾಕಿ, ಯೋಗ್ಯವಾದ ದಿನ ಬರುತ್ತೇನೆಂದು ಲಿಂಗವು ದೂರ ಸರಿಯುವುದಿಲ್ಲ. ಮೊದಲರ್ಧವನ್ನು ನೆನೆದು ಎರಡನೆಯದನ್ನು ಮರೆತವನಿಗೆ ಹೊಣೆಯು ಚಾವಟಿಯಾಗುವುದು. ಎರಡನೆಯದನ್ನು ನೆನೆದು ಮೊದಲರ್ಧವನ್ನು ಮರೆತವನಿಗೆ ದಯೆಯು ನೆಪವಾಗುವುದು.

ಇದನ್ನು ಒಂದು ದೃಷ್ಟಾಂತದಿಂದ ತಿಳಿಯೋಣ. ಒಕ್ಕಲುತನದ ಮನೆಯ ಹುಡುಗನೊಬ್ಬನು ಸ್ನಾತಕೋತ್ತರ ತರಗತಿಗೆ ಸೇರಿ ವಿದ್ಯಾರ್ಥಿನಿಲಯದಲ್ಲಿರುವನೆಂದು ಭಾವಿಸಿಕೊಳ್ಳಿರಿ. ಮೊದಲನೆಯ ಪರೀಕ್ಷೆಯಲ್ಲಿ ಅಂಕಗಳು ಕಡಿಮೆ ಬಂದುವು. ಊರಿನಿಂದ ಸಾಲದ ಸುದ್ದಿ ಬಂದಿತು. ಬೆನ್ನುನೋವಿಗೆಂದು ಗೆಳೆಯನು ಕೊಟ್ಟ ಗುಳಿಗೆಯು ಚಿಂತೆಯನ್ನೂ ಮರೆಸಿತು. ವಾರಕ್ಕೊಂದಾಗಿದ್ದುದು ದಿನಕ್ಕೊಂದಾಯಿತು, ಒಂದಿದ್ದುದು ಹತ್ತಾಯಿತು. ಕೊನೆಗೆ ವಿಷಯವು ಮನೆಗೆ ತಿಳಿದು ತಂದೆಯು “ಏಕಪ್ಪಾ, ಹೀಗೇಕೆ ಮಾಡಿಕೊಂಡೆ?” ಎಂದು ಕೇಳಿದಾಗ ಅವನು, “ಕೋಣೆಯವನು ಕಲಿಸಿದ, ನೀವು ಊರಿನಿಂದ ಬರೀ ಸಾಲದ ಮಾತನ್ನೇ ಹೇಳುತ್ತಿದ್ದಿರಿ, ನನ್ನ ಗ್ರಹಗತಿಯೇ ನೆಟ್ಟಗಿಲ್ಲ” ಎಂದನು. ಇಲ್ಲಿ ನೆಲೆಯು ಹೊರಗಿರುವುದು ಎಲ್ಲರಿಗೂ ಕಾಣುವಂತಿದೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಕೋಣೆಯವನು ಕೊಟ್ಟುದು ನಿಜ. ಮನೆಯ ಸಾಲವೂ ನಿಜ. ಆದರೆ ಕಾರಣವು ಹೊರಗಿದ್ದ ಮಾತ್ರಕ್ಕೆ ಪರಿಹಾರವೂ ಹೊರಗೇ ಇರಬೇಕೆಂಬ ನಿಯಮವಿಲ್ಲ. ಮುಳ್ಳನ್ನು ಹಾದಿಯಲ್ಲಿ ಚೆಲ್ಲಿದವನು ಯಾರೇ ಆಗಿರಲಿ, ಕಾಲನ್ನು ಮೇಲೆತ್ತಬೇಕಾದವನು ನಡೆಯುವವನೇ ಅಲ್ಲವೆ?

ಮುಂದೆ ನಡೆದುದನ್ನು ನೋಡಿರಿ. ಹಿರಿಯರ ಬುದ್ಧಿಮಾತಿನಿಂದ ಅವನು ಗುಳಿಗೆಯನ್ನು ಬಿಟ್ಟನು. ನಲವತ್ತು ದಿನಗಳು ಕಳೆದುವು. ನಲವತ್ತೊಂದನೆಯ ರಾತ್ರಿ ಯಾವುದೋ ಜಗಳದ ನೆವದಿಂದ ಮತ್ತೆ ನುಂಗಿದನು. ಮರುದಿನ ಬೆಳಿಗ್ಗೆ ಅವನು ತನಗೆ ತಾನು ಹೇಳಿಕೊಂಡ ಮಾತು ಬೇರೆ: “ತಪ್ಪೆಲ್ಲ ನನ್ನದೇ. ನಾನು ಹುಟ್ಟಾ ಕೆಟ್ಟವನು. ನನ್ನಿಂದ ಇದು ಎಂದಿಗೂ ಆಗದು.” ಇದನ್ನು ಕೇಳಿದವರು, ಹುಡುಗನಿಗೆ ಬುದ್ಧಿ ಬಂದಿತು, ತಪ್ಪನ್ನು ತನ್ನ ಮೇಲೆ ಹಾಕಿಕೊಂಡನು ಎಂದು ಸಮಾಧಾನಪಡುವರು. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ ಇದು ಹೊಣೆಯ ಮಾತೇ ಅಲ್ಲ. ಹುಟ್ಟಿನಿಂದಲೇ ಕೆಟ್ಟವನಾದವನಿಗೆ ಮಾಡುವುದಕ್ಕೇನು ಉಳಿಯಿತು? ಗ್ರಹವನ್ನು ಆಕಾಶದಿಂದ ಇಳಿಸಿ ಎದೆಯೊಳಗೆ ಕೂರಿಸಿಕೊಂಡಂತಾಯಿತೇ ಹೊರತು ಗ್ರಹದ ಕಾಟವು ತಪ್ಪಲಿಲ್ಲ. ಆತ್ಮಧಿಕ್ಕಾರವು ಮಾರುವೇಷದಿಂದ ಬಂದ ವಿಧಿವಾದವೇ ಆಗಿರುವುದು.

ವ್ಯಸನಚಿಕಿತ್ಸೆಯಲ್ಲಿ ಪ್ರಸಿದ್ಧರಾದ ಅಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ ಎಂಬವರು ೧೯೮೫ರಲ್ಲಿ ಹೊರತಂದ ಗ್ರಂಥದಲ್ಲಿ ಈ ಸಂಗತಿಯನ್ನೇ ಬಿಡಿಸಿ ಹೇಳಿರುವರು. ಒಂದು ಸಲ ಜಾರುವುದು ಬೇರೆ, ಮತ್ತೆ ಹಳೆಯ ಹಳ್ಳಕ್ಕೆ ಬೀಳುವುದು ಬೇರೆ. ಇವೆರಡರ ನಡುವೆ ಮನುಷ್ಯನು ತನ್ನ ಜಾರುವಿಕೆಗೆ ಕೊಟ್ಟುಕೊಳ್ಳುವ ಅರ್ಥವು ನಿಂತಿರುವುದು. “ನಿನ್ನೆ ರಾತ್ರಿ ಸಿಟ್ಟಿನಲ್ಲಿದ್ದೆ, ಒಬ್ಬನೇ ಇದ್ದೆ, ಗುಳಿಗೆಯು ಕೈಗೆಟುಕುವಂತಿತ್ತು, ಇನ್ನು ಮೇಲೆ ಸಿಟ್ಟು ಬಂದಾಗ ಒಬ್ಬನೇ ಇರಬಾರದು” ಎಂದುಕೊಂಡವನು ಎದ್ದು ನಿಲ್ಲುವನು. “ನನ್ನ ಸ್ವಭಾವವೇ ಹೀಗೆ, ಎಲ್ಲ ಕಾಲಕ್ಕೂ ಹೀಗೆ” ಎಂದುಕೊಂಡವನು, ವ್ರತವು ಹೇಗೂ ಕೆಟ್ಟಿತೆಂದು ಆ ದಿನವೇ ಮತ್ತೆ ಹತ್ತು ಗುಳಿಗೆಗಳನ್ನು ಹುಡುಕುವನು. ಮೊದಲನೆಯವನು ತನ್ನ ನಡೆಯನ್ನು ಕಂಡನು; ಎರಡನೆಯವನು ತನ್ನನ್ನೇ ಶಪಿಸಿಕೊಂಡನು.

ಆದಕಾರಣ ಹೊಣೆಯು ನಿಲ್ಲಬೇಕಾದರೆ ಅದಕ್ಕೆ ದಯೆಯ ಆಧಾರವು ಬೇಕು. ಇಲ್ಲಿ ದಯೆಯೆಂದರೆ ಅನ್ಯರು ತೋರುವ ದಯೆ ಮಾತ್ರವಲ್ಲ, ತನ್ನ ಜೀವಕ್ಕೆ ತಾನು ತೋರುವ ದಯೆ. ಇದಕ್ಕೆ ಆತ್ಮಕರುಣೆಯೆನ್ನೋಣ. ಅಮೇರಿಕೆಯ ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಎಂಬ ವಿದುಷಿಯು ೨೦೦೩ರಲ್ಲಿ ಇದರ ಮೂರು ಅಂಗಗಳನ್ನು ನಿರೂಪಿಸಿದರು. ಸೋತಾಗ ತನ್ನೊಡನೆ ಕಠೋರವಾಗಿರದೆ ಮೃದುವಾಗಿರುವುದು ಮೊದಲನೆಯದು. ಸೋಲು ನೋವುಗಳು ಮನುಷ್ಯಮಾತ್ರರೆಲ್ಲರಿಗೂ ಸಾಧಾರಣವೆಂದರಿತು ತನ್ನನ್ನು ಒಂಟಿಯೆಂದು ಭಾವಿಸದಿರುವುದು ಎರಡನೆಯದು. ಬಂದ ನೋವನ್ನು ಮುಚ್ಚಿಡದೆ, ಹಿಗ್ಗಿಸದೆ, ಇದ್ದುದನ್ನು ಇದ್ದಂತೆ ಅವಧಾನದಿಂದ ಕಾಣುವುದು ಮೂರನೆಯದು.

ವಚನಗಳನ್ನು ನಿತ್ಯಪಾರಾಯಣ ಮಾಡುವವರಿಗೆ ಈ ಮೂರರ ಪರಿಚಯವೂ ಉಂಟು. ಬಸವಣ್ಣನವರು ಧರ್ಮದ ಆಧಾರವನ್ನು ದಯೆಯಲ್ಲಿ ಕಂಡರು. ಆ ದಯೆಯ ವ್ಯಾಪ್ತಿಯಿಂದ ಯಾವ ಜೀವಿಯನ್ನೂ ಹೊರಗಿಡಲಿಲ್ಲವೆಂದಮೇಲೆ ತನ್ನೊಳಗಿನ ಜೀವವನ್ನು ಮಾತ್ರ ಹೊರಗಿಡುವುದು ಯಾವ ನ್ಯಾಯ? ಎರಡನೆಯ ಅಂಗವು ಶರಣಸಂಕುಲವೇ ಆಗಿರುವುದು. ಹೆಂಡ ಮಾರುವ ಕಾಯಕದ ಮಾರಯ್ಯನವರು ಆ ಸಮೂಹದಲ್ಲಿದ್ದರು. ತಮ್ಮ ಕಾಯಕದ ಮಾತುಗಳಿಂದಲೇ ಆತ್ಮವಿಚಾರವನ್ನು ಹೇಳಿದರು. ಪೂರ್ವದಲ್ಲಿ ಕಳ್ಳತನದಿಂದ ಜೀವಿಸುತ್ತಿದ್ದರೆಂದು ಐತಿಹ್ಯವಿರುವ ಉರಿಲಿಂಗಪೆದ್ದಿಗಳು ಗುರುಕರುಣೆಯಿಂದ ಮಹಾಶರಣರಾದರು. ಸೋತುಬಂದವನು ನಾನೊಬ್ಬನೇ ಎಂಬ ಮಾತಿಗೆ ಆ ಸಭೆಯಲ್ಲಿ ಅವಕಾಶವೇ ಇರಲಿಲ್ಲ. ಮೂರನೆಯದಕ್ಕೆ ಅಕ್ಕಮಹಾದೇವಿಯವರನ್ನು ನೆನೆಯಬೇಕು. ಅವರು ದೇಹದ ಬಯಕೆಗಳನ್ನು ಎದುರಿಗೆ ಬಂದು ನಿಂತ ವ್ಯಕ್ತಿಗಳಂತೆ ಕಂಡು ಮಾತನಾಡಿಸುವರು. ಬಯಕೆಯನ್ನು ಎದುರಿಗೆ ನಿಲ್ಲಿಸಿ ನೋಡಬಲ್ಲವನು ಬಯಕೆಯೇ ತಾನೆಂದು ಭ್ರಮಿಸುವುದಿಲ್ಲ. ಚಟದ ಸೆಳೆತವು ಏರಿ, ತುದಿಗೆ ಬಂದು, ತಾನಾಗಿ ಇಳಿಯುವುದುಂಟು; ಅದನ್ನು ಅಲೆಯಂತೆ ನೋಡುತ್ತ ಕುಳಿತಿರುವ ಅಭ್ಯಾಸವನ್ನು ಇಂದಿನ ಚಿಕಿತ್ಸಕರೂ ಕಲಿಸುತ್ತಿರುವರು.

ಇಲ್ಲಿ ಒಂದು ಸಂದೇಹವು ಬರಬಹುದು. ಬಸವಣ್ಣನವರು ಎಷ್ಟೋ ವಚನಗಳಲ್ಲಿ ತಮ್ಮನ್ನು ತಾವು ಕಠಿಣವಾಗಿ ನಿಂದಿಸಿಕೊಂಡಿರುವರಲ್ಲ, ಅದು ಆತ್ಮಧಿಕ್ಕಾರವಲ್ಲವೆ? ಅಲ್ಲ. ಆ ವಚನಗಳು ಎಲ್ಲಿ ಮುಗಿಯುವುವೆಂಬುದನ್ನು ಗಮನಿಸಬೇಕು. ಮನಸ್ಸಿನ ಚಾಂಚಲ್ಯವನ್ನು ಎಷ್ಟೇ ನಿಷ್ಠುರವಾಗಿ ಹೇಳಿಕೊಂಡರೂ ಕೊನೆಯಲ್ಲಿ ಅಂಕಿತವು ಬರುವುದು. ಕೂಡಲಸಂಗಮದೇವನನ್ನು ಕರೆದು ಆ ಮಾತು ಮುಗಿಯುವುದು. ಅಂದರೆ ಆ ನಿಂದೆಯು ಕೇಳುವವನೊಬ್ಬನ ಎದುರಿನಲ್ಲಿ, ಪ್ರೀತಿಯಿಂದ ಕೇಳುವವನ ಎದುರಿನಲ್ಲಿ ಆಡಿದ ಮಾತು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಆ ಹುಡುಗನು ತನಗೆ ತಾನೇ ಹೇಳಿಕೊಂಡ “ನಾನು ಕೆಟ್ಟವನು” ಎಂಬ ಮಾತಿಗೆ ಅಂಕಿತವಿಲ್ಲ. ಅದು ಯಾರನ್ನೂ ಕರೆಯುವುದಿಲ್ಲ. ಯಾರಿಂದಲೂ ಉತ್ತರವನ್ನು ಬಯಸುವುದಿಲ್ಲ. ತಪ್ಪನ್ನು ನೆನೆಯುವುದು ತಪ್ಪಲ್ಲ. ಅಂಕಿತವಿಲ್ಲದೆ ನೆನೆಯುವುದು ಅಪಾಯ.

ಇನ್ನೊಂದು ಆಕ್ಷೇಪವನ್ನು ಹಿರಿಯರು ಎತ್ತುವುದುಂಟು. ತನ್ನ ಮೇಲೆ ತನಗೇ ದಯೆ ಬಂದರೆ ಹುಡುಗನು ಸಡಿಲನಾಗುವನಲ್ಲವೆ, ಬಿಗಿಯಿಲ್ಲದೆ ಚಟವು ಹೋಗುವುದುಂಟೆ ಎಂಬುದೇ ಆ ಆಕ್ಷೇಪ. ಇದಕ್ಕೆ ಪರೀಕ್ಷಾಪೂರ್ವಕವಾದ ಉತ್ತರವೂ ಇರುವುದು. ಜೂಲಿಯಾನ ಬ್ರೈನ್ಸ್ ಮತ್ತು ಸೆರೀನಾ ಚೆನ್ ಎಂಬ ವಿದುಷಿಯರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಠಿಣವಾದ ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗಳ ಪೈಕಿ ಕೆಲವರಿಗೆ ತಮ್ಮ ಸೋಲನ್ನು ಕರುಣೆಯಿಂದ ಕಾಣುವಂತೆ ಹೇಳಲಾಯಿತು. ಹಾಗೆ ಕಂಡವರು ಮರುಪರೀಕ್ಷೆಗಾಗಿ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಅದು ಓದಿನ ಪರೀಕ್ಷೆಯೇ ಹೊರತು ಚಟದ ಪರೀಕ್ಷೆಯಲ್ಲವೆಂಬುದು ದಿಟ. ಆದರೂ ಕರುಣೆಯು ಸಡಿಲಿಸುವುದೆಂಬ ನಮ್ಮ ಭಯವು ಅನಿವಾರ್ಯವಾದ ಸತ್ಯವಲ್ಲವೆಂದು ಅದರಿಂದ ಸಿದ್ಧವಾಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹೊಡೆತಕ್ಕೆ ಹೆದರಿದ ಮಗುವು ಗಾಯವನ್ನು ಬಚ್ಚಿಡುವುದು. ಹೆದರಿಕೆಯಿಲ್ಲದ ಮಗುವು ತಾಯಿಗೆ ತೋರಿಸುವುದು. ತೋರಿಸಿದ ಗಾಯವನ್ನಲ್ಲವೆ ತೊಳೆಯಲು ಬರುವುದು?

ಮತ್ತೊಂದು ಆಕ್ಷೇಪವು ಇದಕ್ಕೆ ವಿರುದ್ಧವಾದುದು. ನಿಯಂತ್ರಣವು ಅವನ ಕೈಯಲ್ಲಿಯೇ ಇರುವುದಾದರೆ ವೈದ್ಯರೇಕೆ, ಔಷಧವೇಕೆ, ಮನಸ್ಸು ಗಟ್ಟಿಮಾಡಿದರೆ ಸಾಲದೆ ಎಂಬುದು. ಸಾಲದು. ಮಾದಕವಸ್ತುವಿನ ನಿತ್ಯಸೇವನೆಯಿಂದ ಮಿದುಳಿನಲ್ಲಿ ಸುಖವನ್ನರಿಯುವ ವ್ಯವಸ್ಥೆಯೇ ಬದಲಾಗುವುದು. ಅಡ್ಡಿಪಡಿಸಬೇಕಾದ ವಿವೇಕದ ಶಕ್ತಿಯು ದುರ್ಬಲವಾಗುವುದು. ಬಿಟ್ಟಾಗ ಮೈಕೈ ಸಿಡಿತ, ಭೇದಿ, ನಿದ್ರಾನಾಶ ಮೊದಲಾದ ಬಾಧೆಗಳು ತೋರುವುವು. ಹೆಚ್ಚಾಗಿ ಕುಡಿಯುವವನು ಅಥವಾ ನಿದ್ರೆಯ ಗುಳಿಗೆಗಳಿಗೆ ಅಡಿಯಾಳಾದವನು ವೈದ್ಯರ ನೆರವಿಲ್ಲದೆ ಒಮ್ಮೆಲೆ ನಿಲ್ಲಿಸಿದರೆ ಫಿಟ್ಸು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಫೀಮು ಜಾತಿಯ ವಸ್ತುವನ್ನು ಕೆಲವು ವಾರ ಬಿಟ್ಟಿದ್ದವನ ದೇಹವು ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುವುದು. ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ನಮ್ಮ ದೃಷ್ಟಾಂತದ ಹುಡುಗನು ನಲವತ್ತೊಂದನೆಯ ರಾತ್ರಿ ನಿಂತಿದ್ದುದು ಇಂತಹ ಅಂಚಿನಲ್ಲಿಯೇ. ಮರುದಿನ ಅವನು ತನ್ನನ್ನು ಶಪಿಸಿಕೊಂಡು ಹತ್ತು ಗುಳಿಗೆ ನುಂಗುವನೋ, ಎದ್ದು ತಂದೆಗೆ ಹೇಳುವನೋ ಎಂಬುದು ನೀತಿಯ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ.

ಹಾಗಾದರೆ ಹೊಣೆಯೆಲ್ಲಿ ಉಳಿಯಿತು? ನೆರವನ್ನು ಬೇಡುವ ಕೈಯಲ್ಲಿ ಉಳಿಯಿತು. ಲಿಂಗವು ನಮ್ಮ ಅಂಗೈಯಲ್ಲಿರುವುದು ನಿಜವಾದರೂ ಅದನ್ನು ಅಂಗೈಯಲ್ಲಿ ಇರಿಸಿದವನು ಗುರುವು. ಅದರ ಅನುಭಾವವನ್ನು ಬೆಳೆಸುವವನು ಜಂಗಮನು. ಇಷ್ಟಲಿಂಗಧಾರಿಯು ಸ್ವತಂತ್ರನೇ ಹೊರತು ಒಂಟಿಯಲ್ಲ. ಅಂತೆಯೇ ವ್ಯಸನಿಯಾದ ವಿದ್ಯಾರ್ಥಿಯು ವೈದ್ಯರ ಬಳಿಗೆ ನಡೆದುಹೋಗುವುದು, ಕೊಟ್ಟ ಔಷಧವನ್ನು ತಪ್ಪದೆ ತೆಗೆದುಕೊಳ್ಳುವುದು, ಜಾರಿದಾಗ ಮುಚ್ಚಿಡದೆ ಹೇಳುವುದು, ಹಳೆಯ ಸಹವಾಸದ ಹಾದಿಯನ್ನು ಬಿಟ್ಟು ಬೇರೆ ಹಾದಿ ಹಿಡಿಯುವುದು, ಇವೆಲ್ಲವೂ ಅವನೇ ಮಾಡತಕ್ಕ ಕೆಲಸಗಳು. ಇವೇ ಅವನ ಇಂದಿನ ಕಾಯಕ.

ಹೊಣೆಯೂ ದಯೆಯೂ ಒಂದೇ ಕ್ರಿಯೆಯಲ್ಲಿ ಹೇಗೆ ಸೇರುವುವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಮಹತ್ತಾದ ಉದಾಹರಣೆ ಇರುವುದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳವರು ೧೯೭೫ರಿಂದ ಜೋಳಿಗೆಯನ್ನು ಹಿಡಿದು ಊರೂರು ತಿರುಗಿದರು. ಅವರು ಬೇಡಿದುದು ಕಾಳನ್ನಲ್ಲ, ಕಾಸನ್ನಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರೆಂದು ಬೇಡಿದರು. ಅದು ‘ಮಹಾಂತ ಜೋಳಿಗೆ’ಯೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. ಪೂಜ್ಯರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರು ಜನಿಸಿದ ಆಗಸ್ಟ್ ೧ನೆಯ ದಿನವನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿರುವರು.

ಈ ಜೋಳಿಗೆಯ ಒಳಮರ್ಮವನ್ನು ವಿಚಾರಿಸಬೇಕು. ಜಂಗಮನು ಕಸಿದುಕೊಳ್ಳುವುದಿಲ್ಲ, ಬೇಡುವನು, ಹಾಕಬೇಕಾದವನು ವ್ಯಸನಿಯೇ. ಅಲ್ಲಿಗೆ ನಿಯಂತ್ರಣದ ನೆಲೆಯು ಅವನ ಕೈಗೆ ಬಂದಿತು. ಇನ್ನು ಬೇಡುವವನು ಕೀಳಾಗಿ ನಿಂತು, ಕೊಡುವವನನ್ನು ಮೇಲಾಗಿ ನಿಲ್ಲಿಸುವನಷ್ಟೆ. ಊರವರ ಮುಂದೆ ತಲೆತಗ್ಗಿಸಿದ್ದ ಕುಡುಕನು ಆ ಗಳಿಗೆಯಲ್ಲಿ ಅಪರಾಧಿಯಾಗಿ ಉಳಿಯದೆ ದಾನಿಯಾದನು. ಸ್ವಾಮಿಗಳ ಜೋಳಿಗೆಗೆ ಹಾಕಲು ತನ್ನಲ್ಲಿಯೂ ಏನೋ ಇದೆಯೆಂಬ ಗೌರವವು ಅವನಿಗೆ ದೊರೆಯಿತು. ದಂಡಿಸುವುದರಿಂದ ಈ ಗೌರವವು ಬರುವುದಿಲ್ಲ; ಬರಿಯ ಮುದ್ದಿನಿಂದಲೂ ಬರುವುದಿಲ್ಲ. ತನ್ನ ಕೈಯಿಂದ ತಾನು ಕೊಟ್ಟಾಗ, ಅದನ್ನು ಹೇಸದೆ ಸ್ವೀಕರಿಸುವವರು ಎದುರಿಗಿದ್ದಾಗ ಮಾತ್ರ ಬರುವುದು.

ಗೃಹಸ್ಥರಾದ ನಾವು ಪ್ರತಿಯೊಬ್ಬರೂ ಇಂತಹ ಜೋಳಿಗೆಯಾಗಬೇಕಾಗಿರುವುದು. ಮಗನು ಜಾರಿದ ಬೆಳಿಗ್ಗೆ ಬಂದು ನಿಜವನ್ನು ಹೇಳಿದರೆ, “ನನಗೆ ಗೊತ್ತಿತ್ತು, ನೀನು ಇಷ್ಟೇ” ಎಂದು ಅನ್ನಬಾರದು. ಆ ಒಂದು ಮಾತು ಅವನ ಎದೆಯಲ್ಲಿ ಕುಳಿತ ಗ್ರಹಕ್ಕೆ ಬಲ ಕೊಡುವುದು. “ಹೇಳಿದುದು ಒಳ್ಳೆಯದಾಯಿತು ಮಗನೆ. ನಿನ್ನೆ ಏನಾಯಿತು? ಇಂದು ಏನು ಮಾಡೋಣ?” ಎಂದು ಕೇಳಬೇಕು. ಮೊದಲ ಮಾತಿನಲ್ಲಿ ದಯೆಯಿರುವುದು, ಕೊನೆಯ ಪ್ರಶ್ನೆಯಲ್ಲಿ ಹೊಣೆಯಿರುವುದು. ಹಾಗೆಂದು ಅವನ ಸಾಲವನ್ನು ಗುಟ್ಟಾಗಿ ತೀರಿಸುವುದು, ಅವನ ಪರವಾಗಿ ಸುಳ್ಳು ಹೇಳುವುದು, ಕೇಳಿದಷ್ಟು ಹಣ ಕೊಡುವುದು ದಯೆಯಲ್ಲ. ಅವು ಅವನ ಹೊಣೆಯನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಬಗೆಗಳು.

ಪೋಲೀಸರ ಭಯದಿಂದಲೂ ಮರ್ಯಾದೆಯ ಭಯದಿಂದಲೂ ಚಿಕಿತ್ಸೆಯನ್ನು ಮುಂದೂಡುವುದು ಸಲ್ಲದು. ೧೯೮೫ರ ಮಾದಕವಸ್ತುಗಳ ಕಾಯಿದೆಯ ೬೪-ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿಯೇ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪೂರ್ತಿಯಾಗಿ ಪಡೆದರೆ ಮೊಕದ್ದಮೆಯಿಂದ ವಿನಾಯಿತಿಗೆ ಅವಕಾಶವುಂಟು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಸರಪಳಿಯಿಂದ ಕಟ್ಟಿಹಾಕುವುದನ್ನು ನಿಷೇಧಿಸಿರುವುದು. ಮಾದಕವ್ಯಸನದಿಂದ ಬಂದ ಮನೋವಿಕಾರಗಳೂ ಆ ಕಾಯಿದೆಯ ವ್ಯಾಪ್ತಿಗೆ ಸೇರಿರುವುವು. ಆದುದರಿಂದ ಬಡಿದು ಕಟ್ಟಿ ಚಟ ಬಿಡಿಸುವೆವೆನ್ನುವ ಕಡೆಗೆ ಮಕ್ಕಳನ್ನು ಒಯ್ಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ಪ್ರತ್ಯೇಕ ವಿಭಾಗವಿರುವುದು. ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿರುವುದು. ಮನೋವ್ಯಥೆಗೆ ‘ಟೆಲಿ ಮಾನಸ್’ನ ೧೪೪೧೬, ಮಾದಕವ್ಯಸನಕ್ಕೆ ೧೪೪೪೬ ಎಂಬ ಸಂಖ್ಯೆಗಳಿಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುವುದು.

ಚಟವನ್ನು ಬಿಟ್ಟು ಬಂದವನ ವಿಷಯದಲ್ಲಿ ಇನ್ನೊಂದು ಧರ್ಮವನ್ನು ನಾವು ಪಾಲಿಸಬೇಕು. ದೀಕ್ಷೆಯಿಂದ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವು ಗುರುಕರುಣೆಯಿಂದ ಕಳೆಯುವುದೆಂದೂ, ಭಕ್ತನಾದವನ ಪೂರ್ವಾಶ್ರಯವನ್ನು ಎತ್ತಿ ಆಡಬಾರದೆಂದೂ ನಮ್ಮ ಹಿರಿಯರು ವಿಧಿಸಿರುವರು. ಈ ವಿಧಿಯು ಜಾತಿಕುಲಗಳ ವಿಷಯಕ್ಕೆ ಮಾತ್ರ ಮೀಸಲೆ? ವರ್ಷವೊಂದು ಕಳೆದರೂ ಮದುವೆಯ ಮನೆಯಲ್ಲಿ, ಸಂತೆಯಲ್ಲಿ, ಮಠದ ಪಂಕ್ತಿಯಲ್ಲಿ “ಗಾಂಜಾ ಸೇದುತ್ತಿದ್ದನಲ್ಲ, ಅವನೇ” ಎಂದು ಬೆರಳು ತೋರಿಸುವುದು ಪೂರ್ವಾಶ್ರಯವನ್ನು ಎತ್ತಿದಂತೆಯೇ ಸರಿ. ಬಿಟ್ಟವನಿಗೆ ಹೊಸ ಹೆಸರಿನ ಅವಶ್ಯಕತೆಯಿಲ್ಲ. ಹಳೆಯ ಹೆಸರನ್ನು ನಾವು ಮರೆತರೆ ಸಾಕು.

ಈ ಪುಟಗಳು ಅಂತಹ ಒಬ್ಬ ತರುಣನ ಅಥವಾ ತರುಣಿಯ ಕೈಗೆ ಸಿಕ್ಕುವುದಾದರೆ ಅವರಿಗೆ ಹೇಳತಕ್ಕದ್ದು ಇಷ್ಟು. ಮಗುವೆ, ನಿನ್ನೆ ನಡೆದುದು ನಿನ್ನ ನಡೆ. ಅದು ನಿನ್ನ ಸ್ವರೂಪವಲ್ಲ. ನಡೆಯನ್ನು ತಿದ್ದಬಹುದು. ಸೆಳೆತವು ಬಂದಾಗ ಹತ್ತು ನಿಮಿಷ ಅದನ್ನು ನೋಡುತ್ತ ಕುಳಿತಿರು, ಇಲ್ಲವೆ ಎದ್ದು ಮನುಷ್ಯರಿರುವ ಕಡೆಗೆ ಹೋಗು. ಜಾರಿದರೆ ಅಂದೇ ಒಬ್ಬರಿಗೆ ಹೇಳು. ಸಾಯಬೇಕೆಂಬ ಆಲೋಚನೆ ಬಂದರೆ ಆ ಕ್ಷಣವೇ ಹತ್ತಿರದವರನ್ನು ಕೂಗು, ಮೇಲೆ ಹೇಳಿದ ಸಂಖ್ಯೆಗೆ ಕರೆ ಮಾಡು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಎಡದ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತು. ಕೈ ನಡುಗುತ್ತಿದ್ದರೂ ಚಿಂತೆಯಿಲ್ಲ. ನಡುಗುವ ಕೈಯಲ್ಲಿಯೂ ಲಿಂಗವು ಕುಳಿತುಕೊಳ್ಳುವುದು.

ಮಕ್ಕಳ ಹೊಣೆಯನ್ನು ಮಕ್ಕಳ ಕೈಗೆ ಕೊಡುವ ಧೈರ್ಯವನ್ನೂ, ಆ ಕೈಗಳನ್ನು ಹೇಸದೆ ಹಿಡಿಯುವ ಕರುಣೆಯನ್ನೂ ಪರಶಿವನು ನಮ್ಮೆಲ್ಲರಿಗೂ ದಯಪಾಲಿಸಲಿ.